ತಕಲಿ ಹಿಡಿದರೆ ಗೇಣುದ್ದಕ್ಕೆ ನೂಲು ಕಿತ್ತುಹೋಗುತ್ತೆ: ಕೈಯದ್ದೋ, ಹತ್ತಿಯದ್ದೋ?

ಕೋಥ್ರುಡ್ ಕನ್ನಡತಿ, ಪುಣೆ

ಎಲ್ಲರಿಗೂ ನಮಸ್ಕಾರ. ಕೈಯಿಂದ ನೂಲು ತೆಗೆಯುವುದನ್ನು ಕಲಿಯಬೇಕು ಅಂತ ತುಂಬ ದಿನದ ಆಸೆ. ಊರಿಂದ ಬಂದ ನೆಂಟರ ಜೊತೆ, ಗಾಂಧೀಜಿಯನ್ನು ಸೆರೆಯಲ್ಲಿಟ್ಟಿದ್ದ ಆಗಾ ಖಾನ್ ಅರಮನೆಗೆ ಹೋಗಿಬಂದ ಮೇಲೆ ಅದು ಗಟ್ಟಿಯಾಯಿತು. ಆನ್‌ಲೈನಲ್ಲಿ ಒಂದು ತಕಲಿ ತರಿಸಿದೆ. ಹಿತ್ತಾಳೆ ಬಿಲ್ಲೆ, ಉಕ್ಕಿನ ಕಡ್ಡಿ, ತುದಿಯಲ್ಲಿ ಸಣ್ಣ ಕೊಕ್ಕೆ, ನೋಡೋಕೆ ಚೆನ್ನಾಗೇ ಇದೆ. ಹತ್ತಿ ಮಾತ್ರ ಕೆಳಗಿನ ಮೆಡಿಕಲ್ ಅಂಗಡಿಯ ಸುರುಳಿ.

ತೊಂದರೆ ಏನೆಂದರೆ, ಗೇಣುದ್ದ ಬರುವಷ್ಟರಲ್ಲಿ ನೂಲು ಸಣ್ಣಗಾಗಿ ತನ್ನಷ್ಟಕ್ಕೆ ಜಾರಿ ಬಿಟ್ಟುಹೋಗುತ್ತೆ. ಗಟ್ಟಿ ಹಿಡಿದರೆ ಹತ್ತಿ ಮುಂದಕ್ಕೇ ಬರಲ್ಲ, ಸಡಿಲ ಬಿಟ್ಟರೆ ಗಂಟುಗಂಟು. ವೀಡಿಯೊಗಳಲ್ಲಿ ತಕಲಿಯನ್ನು ಗಾಳಿಯಲ್ಲಿ ತಿರುಗಿಸಿ ಇಳಿಬಿಡುತ್ತಾರೆ. ನಾನು ಹಾಗೆ ಬಿಟ್ಟರೆ ಟಣ್ ಅಂತ ನೆಲಕ್ಕೆ. ಮನೆ ಶಿವಮೊಗ್ಗ ಕಡೆ, ಬತ್ತಿ ಹೊಸೆಯೋದು, ಗೆಜ್ಜೆವಸ್ತ್ರ ಮಾಡೋದು ಚಿಕ್ಕಂದಿನಿಂದ ರೂಢಿ. ಹತ್ತಿ ನನ್ನ ಬೆರಳಿಗೆ ಹೊಸದಲ್ಲ. ಆದರೂ ಇದು ಬರುತ್ತಿಲ್ಲ.

ತಕಲಿಯಲ್ಲೇ ಮುಂದುವರಿಯಲಾ, ಪೆಟ್ಟಿಗೆ ಚರಕ ಕೊಂಡುಕೊಳ್ಳಲಾ? ಪುಣೆಯ ಈ ಒಣ ಬಿಸಿಲಿಗೂ ಇದಕ್ಕೂ ಸಂಬಂಧ ಇದೆಯಾ? ತಿಳಿದವರು ಹೇಳಿ.

ಗರಗದಾಕಿ, ಡೊಂಬಿವಲಿ

ತಂಗಿ ಅಂತ ಕರೀತೀನಿ, ಬ್ಯಾಸರ ಮಾಡ್ಕೋಬ್ಯಾಡ. ಮದ್ಲ ಆ ಮೆಡಿಕಲ್ ಅಂಗಡಿ ಸುರುಳಿ ತಗೊಂಡು ಹೋಗಿ ದೇವರ ಮನ್ಯಾಗ ಬತ್ತಿಗೆ ಇಡು. ನಿನ್ನ ಕೈ ಛೊಲೋನ ಅದಾವ. ಆ ಹತ್ತಿ ನೂಲಾಕ ಬರೂದಲ್ಲ.

ಯಾಕ ಅಂತ ಹೇಳ್ತೀನಿ. ಹತ್ತಿ ಎಳಿ ಮ್ಯಾಲ ಹುಟ್ಟಾ ತೆಳ್ಳನ್ನ ಮೇಣ ಇರ್ತೈತಿ. ಎಳಿ ಒಂದರ ಮ್ಯಾಲೊಂದು ಮೆತ್ತಗ ಸರಕೊಂಡು ಬರಾಕ ಅದ ಆಸರ. ಗಾಯಕ್ಕ ಇಡೂ ಹತ್ತಿ ನೀರು ಹೀರಬೇಕಲ್ಲ, ಅದಕ್ಕ ಕಾರಖಾನ್ಯಾಗ ಕ್ಷಾರದ ನೀರಾಗ ಕುದಿಸಿ ಆ ಮೇಣ ತಗದು, ಬ್ಲೀಚ್ ಮಾಡಿರ್ತಾರ. ಅದರ ಮ್ಯಾಲ, ಮಿಲ್ಲಿನ್ಯಾಗ ಹತ್ತಿ ಬಾಚೂವಾಗ ಉದುರಿದ ಗಿಡ್ಡ ಎಳಿನ ಭಾಳ ಸಲ ಇದಕ್ಕ ಹಾಕೂದು. ಗಿಡ್ಡ ಎಳಿಗೆ ಒಂದನ್ನೊಂದು ಹಿಡ್ಕೊಳ್ಳಾಕ ಉದ್ದಾನ ಸಾಲೂದಿಲ್ಲ, ಕಿತ್ತು ಹೋಗ್ತೈತಿ. ಹಿಟ್ಟು ನಾದಲಾರದ ಶಾವಿಗಿ ಎಳ್ಯಾಕ ಕುಂತು ಕೈ ಬೈಕೊಂಡಂಗ ಆತು ಇದು. ದಿಂಬಿಗೆ ತುಂಬೂ ಬೂರಲ ಹತ್ತೀನೂ ಬ್ಯಾಡ, ಅದರ ಎಳಿ ನುಣುಪು, ಹುರಿ (ನೂಲಿನ ತಿರುಚು) ಹಿಡಿಯೂದಿಲ್ಲ.

ನಮ್ಮೂರು ಧಾರವಾಡ ಹತ್ರ ಗರಗ, ರಾಷ್ಟ್ರಧ್ವಜದ ಖಾದಿ ನೇಯೂ ಊರು. ನಮ್ಮವ್ವ ಮನಿ ಕೆಲಸ ಮುಗಿಸಿ ಮಧ್ಯಾಹ್ನ ರಾಟಿ ಮುಂದ ಕುಂಡ್ರತಿದ್ಲು, ನೂಲಿನ ಲಡಿ ಕಟ್ಟಿ ಖಾದಿ ಕೇಂದ್ರಕ್ಕ ಒಯ್ದು ಕೊಟ್ಟು ಕೂಲಿ ತರ್ತಿದ್ಲು. ನಮಗ ರಾಟಿ ಮುಟ್ಟಾಕ ಬಿಡತಿರಲಿಲ್ಲ. ಮದ್ಲ ಹಂಜಿ (ನೂಲಾಕ ಹಿಂಜಿ ಸುತ್ತಿದ ಹತ್ತಿ ಸುರುಳಿ) ಮಾಡಾಕ ಕಲೀರಿ, ನಿಮ್ಮ ಹಂಜಿಯಾಗ ನಾ ನೂಲತೀನಿ, ಎಲ್ಲೆ ತಡದೀತು ಅಲ್ಲೆ ನಿಮ್ಮ ತಪ್ಪು ತೋರಸ್ತೀನಿ ಅಂತಿದ್ಲು. ಇವತ್ತು ನನ್ನ ಹತ್ರ ಕಲಿಯಾಕ ಬರೂ ಹುಡುಗ್ಯಾರಿಗೆ ನಾನೂ ಇದನ್ನ ಹೇಳ್ತೀನಿ. ಚರಕಾ ಯಾವುದು ತಗೊಳ್ಳಲಿ ಅಂತ ಎಲ್ಲಾರೂ ಕೇಳ್ತಾರ, ಅರಳಿ (ಕಾಳು ತಗದ ಹತ್ತಿ) ಹೆಂಗ ಹಿಂಜೂದು ಅಂತ ಒಬ್ಬರೂ ಕೇಳೂದಿಲ್ಲ. ನನಗ ಇದು ಭಾಳ ಮನಸ್ಸಿಗೆ ಹತ್ತತೈತಿ. ನೂಲಿನ ಮುಕ್ಕಾಲು ಕೆಲಸ ಹಂಜಿಯೊಳಗ ಆಗಿ ಹೋಗಿರ್ತೈತಿ.

ಹಂಗಾದ್ರ ಏನು ಮಾಡಬೇಕು? ಕಾಳು ಸಮೇತ ಇರೂ ಹತ್ತಿ ಸಿಕ್ಕರ ಎಲ್ಲಾಕಿಂತ ಛೊಲೋ. ಊರಿಂದ ಬರಾವರ ಕಡೆ ಒಂದು ಚೀಲ ತರಸು. ದೇಶಿ ಜಯಧರ ಸಿಕ್ಕರೂ ಆತು, ಈಗಿನ ಉದ್ದೆಳಿ ಹತ್ತಿ ಆದ್ರೂ ಆತು. ಹೊಸಬರಿಗೆ ಉದ್ದೆಳೀನ ಸಸಾರ. ಹತ್ತಿಯೊಳಗ ಮೂರರಾಗ ಒಂದು ಪಾಲು ಅರಳಿ, ಉಳಿದದ್ದು ಕಾಳು ಅಂತ ಲೆಕ್ಕ ಇಟ್ಕೊ. 100 ಗ್ರಾಮ್ ಹತ್ತಿಗೆ 30–35 ಗ್ರಾಮ್ ಅರಳಿ. ಕಾಳು ಬಿಡಸಾಕ ಮಶೀನ್ ಬೇಕಾಗಿಲ್ಲ. ಚಪಾತಿ ಮಣಿ ಮ್ಯಾಲ ಹತ್ತಿ ಇಟ್ಟು, ನುಣ್ಣನ್ನ ಕಬ್ಬಿಣದ ಕಡ್ಡಿ ಒತ್ತಿ ಮುಂದಕ ಉರುಳಿಸು. ಕಾಳು ಪುಟ್ಟಂತ ಮುಂದ ಹಾರತೈತಿ, ಅರಳಿ ಕಡ್ಡಿ ಹಿಂದ ಉಳೀತೈತಿ.

ಆಮ್ಯಾಲ ಹಿಂಜೂದು. ಊರಾಗ ಪಿಂಜಾರರು ಬಿಲ್ಲಿನ ತಂತಿ ಬಡದು ಹಿಂಜತಿದ್ರು, ಆ ಸಪ್ಪಳ ಓಣಿ ತುಂಬ ಕೇಳತಿತ್ತು. ಫ್ಲ್ಯಾಟಿನ್ಯಾಗ ಬಿಲ್ಲು ಬಡದ್ರ ಬಾಜೂ ಮನಿಯವರು ಬಾಗಲಾ ಬಡೀತಾರ, ಅರಳಿನೂ ಮನಿ ತುಂಬ ಹಾರ್ತೈತಿ. ನಾ ಮಾಡೂದು ಹೇಳ್ತೀನಿ. ನಾಯಿ ಕೂದಲಾ ಬಾಚೂ, ಸಣ್ಣ ಸಣ್ಣ ಬಾಗಿದ ತಂತಿ ಇರೂ ಬ್ರಷ್ ಸಿಗತಾವ. ಅಂಥಾವು ಎರಡು ತಗೊ. ಒಂದರ ಮ್ಯಾಲ ಚಿಟಿಕಿ ಚಿಟಿಕಿ ಅರಳಿ ಹಚ್ಚು, ಭಾಳ ಹಚ್ಚಬ್ಯಾಡ. ಇನ್ನೊಂದರಿಂದ ಹಗೂರಕ ಎಳಿ. ತಂತಿ ತಂತಿ ತಿಕ್ಕಬಾರದು, ಅರಳಿ ಅಷ್ಟ ಸಿಗಬೇಕು. ಬೆಳಕಿಗೆ ಹಿಡದು ನೋಡು, ಎಲ್ಲಿ ಕಪ್ಪಗ ಗಂಟು ಕಾಣತೈತಿ ಅಲ್ಲೆ ಮತ್ತ ಬಾಚು. ಗಂಟಿಲ್ಲದ ತೆಳ್ಳನ್ನ ಪದರ ಆತು ಅಂದ್ರ ಬಿಡಿಸಿ ಹಲಗಿ ಮ್ಯಾಲ ಹಾಸಿ, ಉಣ್ಣಿ ಹೆಣೆಯೂ ಸೂಜಿ ಅದರ ಅಂಚಿಗಿಟ್ಟು ಸಡಲಾಗಿ ಸುತ್ತು, ಸೂಜಿ ಎಳಕೊ. ಗೇಣುದ್ದ ಹಂಜಿ ಆತು. ಒತ್ತಿ ಸುತ್ತಿದ್ರ ಮತ್ತ ಅದ ಹಣೆಬರಾ, ಎಳಿ ಹೊರಗ ಬರೂದಿಲ್ಲ.

ಈಗ ತಕಲಿ. ಅದನ್ನ ಗಾಳ್ಯಾಗ ಇಳಿಬಿಡಬ್ಯಾಡ. ಆ ವೀಡಿಯೊದಾಗಿನವರು ಉಣ್ಣಿ ನೂಲತಿರಬೇಕು, ಉಣ್ಣಿ ಎಳಿ ಉದ್ದ, ಭಾರ ತಡೀತೈತಿ. ಹತ್ತಿ ಎಳಿ ಒಂದು ಇಂಚಿನ ಆಸುಪಾಸು. ಅದಕ್ಕ ತಕಲಿ ಭಾರ ಹೊರಸಬಾರದು. ಒಂದು ವಾಟೀನೋ ತೆಂಗಿನ ಕರಟಾನೋ ತಗೊಂಡು ಅದರೊಳಗ ತಕಲಿ ತುದಿ ನಿಲ್ಲಿಸು, ಅಲ್ಲೆ ತಿರುಗಲಿ. ಬಲಗೈಯಿಂದ ಚಿಟಿಕಿ ಹೊಡದು ತಿರುವು, ಎಡಗೈಯಾಗ ಹಂಜಿ. ಹೆಬ್ಬೆರಳು ಮತ್ತ ಮುಂದಿನ ಎರಡು ಬೆರಳಾಗ ಅದನ್ನ ಮುಟ್ಟಿದಂಗ ಇರಬೇಕು, ಒತ್ತಿದಂಗ ಇರಬಾರದು. ಹುರಿ ಏರಿಕೋತ ಬಂದು ಹಂಜಿ ಬಾಯಿಗೆ ತಾಗಿದ್ದು ಬೆರಳಿಗೆ ಗೊತ್ತಾಗತೈತಿ. ಅವಾಗ ಎಡಗೈ ನಿಧಾನಕ ಮ್ಯಾಲ ಎಳಿ.

ಗಂಟು ಬರತಾವ ಅಂದಿಯಲ್ಲ, ಇದನ್ನ ಪೂರಾ ಓದು. ದಪ್ಪ ಬಂದ್ರ ಹರಕೊಂಡು ಒಗೀಬ್ಯಾಡ. ಹುರಿ ಯಾವಾಗಲೂ ಮದ್ಲ ಸಣ್ಣ ಜಾಗಾಕ್ಕ ಓಡತೈತಿ, ದಪ್ಪ ಜಾಗಾಕ್ಕ ಕಡಿಮಿ ಹೋಗತೈತಿ. ಅಂದ್ರ ದಪ್ಪ ಇದ್ದಲ್ಲೆ ಎಳಿ ಇನ್ನೂ ಸಡಲ ಇರತಾವ, ಎಳದ್ರ ಹಿಗ್ಗತಾವ. ಹೊಸಾ ಹತ್ತಿ ಬಿಡೂದು ನಿಲ್ಲಿಸಿ, ಹಂಜಿ ಬಾಯಿ ಚಿವುಟಿ ಹಿಡದು, ಹಂಗ ಕೈ ಹಿಂದಕ ಎಳಿ. ಕಣ್ಣ ಮುಂದ ಆ ದಪ್ಪ ಕರಗಿ ಬಾಕಿ ನೂಲಿನ ಸಮಕ್ಕ ಬರತೈತಿ. ಸಮ ಆದ ಮ್ಯಾಲ ಇನ್ನೊಂದು ನಾಕು ಸುತ್ತು ಹುರಿ ಕೊಟ್ಟು ತಕಲಿಗೆ ಸುತ್ತು. ಹತ್ತಿಗೆ ನೀ ಅಂದಕೊಂಡದ್ದಕ್ಕಿಂತ ಜಾಸ್ತಿ ಹುರಿ ಬೇಕು. ಸಡಲ ಬಿಟ್ಟು ನೋಡು, ನೂಲು ತನ್ನಷ್ಟಕ್ಕ ತಾನ ಹೆಣಕೋಬೇಕು. ಹೆಣಕೊಳ್ಳದ ಸುಮ್ಮ ಜೋತುಬಿದ್ದರ ಹುರಿ ಸಾಲದು.

ಗೆಜ್ಜೆವಸ್ತ್ರ ಮಾಡಾಕಿ ನೀ, ಹತ್ತಿ ಎಷ್ಟು ಎಳದ್ರ ಬಿಡತೈತಿ ಅಂತ ನಿನ್ನ ಬೆರಳಿಗೆ ಆಗಲೇ ಗೊತ್ತೈತಿ. ಅದು ಸಣ್ಣ ಬಂಡವಾಳ ಅಲ್ಲ.

ರಿಂಗ್ ಖಾತೆ ನಿವೃತ್ತ, ಮುಲುಂಡ್

ಮೇಲಿನ ಅಕ್ಕ ಹೇಳಿದ್ದಕ್ಕೆ ಮಿಲ್ಲಿನ ಕಡೆಯಿಂದ ಒಂದು ಸಾಕ್ಷಿ. ನಾನು ಉಡುಪಿ ಕಡೆಯವನು. 1982ರ ಜನವರಿ 18ಕ್ಕೆ ಮುಂಬಯಿ ಗಿರಣಿ ಮುಷ್ಕರ ಶುರುವಾಗುವ ತನಕ ಲೋವರ್ ಪರೇಲ್‌ನ ಒಂದು ಮಿಲ್ಲಿನಲ್ಲಿ ರಿಂಗ್ ಖಾತೆಯಲ್ಲಿ, ಅಂದರೆ ನೂಲು ತೆಗೆಯುವ ವಿಭಾಗದಲ್ಲಿದ್ದೆ. ಹೊರಗಿನವರಿಗೆ ಮಿಲ್ಲು ಅಂದರೆ ಸಾವಿರಾರು ಕದಿರು (ನೂಲು ಸುತ್ತಿಕೊಳ್ಳುವ ಕಡ್ಡಿ) ತಿರುಗುವ ರಿಂಗ್ ಫ್ರೇಮ್. ಆದರೆ ಹತ್ತಿ ನಮ್ಮ ಹತ್ತಿರ ಬರುವ ಮೊದಲು ಬ್ಲೋ ರೂಮ್, ಕಾರ್ಡಿಂಗ್, ಡ್ರಾ ಫ್ರೇಮ್, ಸ್ಪೀಡ್ ಫ್ರೇಮ್ ಎಲ್ಲ ದಾಟಿ ಬರಬೇಕಿತ್ತು. ಅಷ್ಟು ಖಾತೆಗಳ ಕೆಲಸವೂ ಬಿಡಿಸು, ಬಾಚು, ಸಮ ಮಾಡು, ಇಷ್ಟೇ. ಕಾರ್ಡಿಂಗ್, ಅಂದರೆ ಬಾಚುವ ಕೆಲಸ, ಕೆಟ್ಟ ದಿನ ನಮ್ಮಲ್ಲಿ ಎಳೆ ಕಡಿದು ಕಡಿದು ಜೋಡಿಸುವವರ ಬೆರಳು ಸೋಲುತ್ತಿತ್ತು. ಬಯ್ಗುಳ ಮಾತ್ರ ರಿಂಗ್ ಖಾತೆಯವರಿಗೇ ಬರುತ್ತಿತ್ತು!

ಒಣ ಹವೆಯ ಪ್ರಶ್ನೆ ಸರಿಯಾದದ್ದೇ. ರಿಂಗ್ ಖಾತೆಯಲ್ಲಿ ಗಾಳಿಯ ತೇವ ನೂರಕ್ಕೆ 55–60ರಷ್ಟು ಇರಬೇಕು, ಅದಕ್ಕೆಂದೇ ಗಾಳಿಗೆ ನೀರು ಸಿಂಪಡಿಸುವ ವ್ಯವಸ್ಥೆ ಇರುತ್ತಿತ್ತು. ಹತ್ತಿಯ ಎಳೆ ತೇವ ಹೀರಿದಷ್ಟೂ ಗಟ್ಟಿಯಾಗುವ ಜಾತಿಯದ್ದು. ಒಣಗಿದರೆ ಪೆಡಸಾಗುತ್ತದೆ, ಸ್ಥಿರ ವಿದ್ಯುತ್ ಹಿಡಿದು ಎಳೆಗಳು ಒಂದಕ್ಕೊಂದು ದೂರ ಸರಿದು ಕೆದರಿ ನಿಲ್ಲುತ್ತವೆ. 1854ರಲ್ಲಿ ಕಾವಸ್‌ಜಿ ದಾವರ್ ಮುಂಬಯಿಯಲ್ಲಿ ಮೊದಲ ಹತ್ತಿ ಗಿರಣಿಯ ಕಂಪನಿ ಕಟ್ಟಿದ ಮೇಲೆ ಇಲ್ಲಿ ಗಿರಣಿಗಳು ಸಾಲಾಗಿ ಎದ್ದವು. ಬಂದರು, ಬಂಡವಾಳ ಎಲ್ಲ ಇತ್ತು, ಜೊತೆಗೆ ಈ ಕಡಲ ಹವೆಯೂ ನೂಲಿಗೆ ಒದಗಿಬಂತು. ಪುಣೆಯ ಮಾರ್ಚ್–ಏಪ್ರಿಲ್ ಮಧ್ಯಾಹ್ನ ಅದಕ್ಕೆ ತೀರಾ ತದ್ವಿರುದ್ಧ. ನೀವು ಬೆಳಿಗ್ಗೆ ಬೇಗ ನೂಲಿರಿ. ಫ್ಯಾನ್ ಬೇಡ. ಕಿಟಕಿಗೆ ಒದ್ದೆ ಪಂಚೆ ಇಳಿಬಿಡಿ. ಹಂಜಿಗೆ ಮಾತ್ರ ನೀರು ಚಿಮುಕಿಸಬೇಡಿ, ಮುದ್ದೆಯಾಗುತ್ತದೆ. ಡೊಂಬಿವಲಿಯ ಅಕ್ಕನಿಗೆ ಮಳೆಗಾಲದಲ್ಲಿ ಈ ಮುದ್ದೆಯ ಕಾಟ ಗೊತ್ತಿದ್ದೇ ಇರುತ್ತದೆ.

ನೂಲು ಎಷ್ಟು ಸಣ್ಣ ಬರುತ್ತಿದೆ ಅಂತ ಅಳೆಯಲು ಆಸೆಯಿದ್ದರೆ ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಸಾಕು. ಆ ಅಳತೆಗೆ ಕೌಂಟ್ ಅನ್ನುತ್ತಾರೆ, ಕೌಂಟ್ ಹೆಚ್ಚಿದಷ್ಟೂ ನೂಲು ಸಣ್ಣ. 840 ಗಜದ ಒಂದು ಲಡಿ 1 ಪೌಂಡ್ ತೂಗಿದರೆ 1ನೇ ಕೌಂಟ್, ಅಂಥ 20 ಲಡಿಗಳು 1 ಪೌಂಡ್ ತೂಗಿದರೆ 20ನೇ ಕೌಂಟ್. ನಿಮ್ಮ ಅಳತೆಗೆ ಹೇಳುವುದಾದರೆ 1 ಗ್ರಾಮಿಗೆ 10 ಮೀಟರ್ ನೂಲು ಬಂದರೆ ಸುಮಾರು 6ನೇ ಕೌಂಟ್, 34 ಮೀಟರ್ ಬಂದರೆ 20. ಹೊಸಬರಿಗೆ 6 ಬಂದರೂ ಒಳ್ಳೆಯ ನೂಲೇ. ಸಣ್ಣ ನೂಲಿಗೆ ಆಸೆಪಟ್ಟು ಕಡಿಯುವುದಕ್ಕಿಂತ ಒಂದೇ ಸಮನಾದ ದಪ್ಪ ನೂಲು ಮೇಲು.

ಕಂಬಳಿ ಮನೆಯವ, ಹಡಪ್ಸರ್

ಮೇಡಂ, ನನ್ನದು ಬೇರೆ ಸಲಹೆ. ಶುರು ಮಾಡೋದು ಉಣ್ಣೆಯಿಂದ ಮಾಡಿ. ನಾವು ಚಳ್ಳಕೆರೆ ಕಡೆ ಕುರುಬರು, ನಮ್ಮಜ್ಜಿ ಮಾತಾಡ್ತಾ ಮಾತಾಡ್ತಾ ನೂಲೋರು, ನೋಡೋದೇ ಬೇಕಿರಲಿಲ್ಲ. ಉಣ್ಣೆ ಎಳೆ ಹತ್ತಿಗಿಂತ ಉದ್ದ, ಮೈ ಮೇಲೆ ಸಣ್ಣ ಸಣ್ಣ ಪೊರೆ ಇರೋದರಿಂದ ಒಂದಕ್ಕೊಂದು ಕಚ್ಚಿಕೊಳ್ಳುತ್ತೆ. ಕಡಿಮೆ ಹುರಿಗೇ ನಿಲ್ಲುತ್ತೆ, ಇಳಿಬಿಟ್ಟ ಕದಿರಿನ ಭಾರವನ್ನೂ ತಡೆಯುತ್ತೆ. ಪುಣೆ ಸುತ್ತಮುತ್ತ ಧನಗರರ ಹಿಂಡು ಇವೆ, ಅದೇ ದಖನಿ ಕುರಿ, ಅದೇ ಕರಿ ಉಣ್ಣೆ. ಅವರ ಘೊಂಗಡಿ, ನಮ್ಮ ಕಂಬಳಿ, ಎರಡಕ್ಕೂ ಹುಣಸೆ ಬೀಜದ ಗಂಜೀನೇ ಹಾಕೋದು. ಎಷ್ಟೋ ಕಡೆ ಈಗ ಕತ್ತರಿಸಿದ ಉಣ್ಣೆ ಕೊಳ್ಳೋರೇ ಇಲ್ಲ. ನೀವು ಕೇಳಿ ತಗೊಂಡರೆ ಅವರಿಗೂ ಸಂತೋಷ.

ಒಂದು ಸಲ ಉಣ್ಣೆಯಲ್ಲಿ ಎಳೆತ ಮತ್ತೆ ಹುರಿ ಎರಡರ ಲಯ ಕೈಗೆ ಹತ್ತಿದರೆ ಆಮೇಲೆ ಹತ್ತಿಗೆ ಬನ್ನಿ.

ಗರಗದಾಕಿ, ಡೊಂಬಿವಲಿ

ತಮ್ಮಾ, ನೀ ಹೇಳಿದ್ದು ಖರೆ. ಉಣ್ಣಿ ಸಸಾರ, ದಖನಿ ಉಣ್ಣಿ ಹಿಂಗ ಹಾಳಾಗೂದು ನೋಡಿ ನನಗೂ ಹೊಟ್ಟಿ ಉರೀತೈತಿ. ಆದ್ರ ಹತ್ತಿ ನೂಲಬೇಕು ಅನ್ನಾಕಿಗೆ ಉಣ್ಣಿಂದ ಶುರು ಮಾಡಸೂದು ನನಗ ಒಪ್ಪಿಗಿ ಇಲ್ಲ. ಉಣ್ಣಿ ನೂಲೂವಾಗ ಬೆರಳು ಒತ್ತಿ ಹಿಡದು ಎಳೀತಾವ, ಹತ್ತಿಗೆ ಅದ ಒತ್ತೂ ಚಾಳಿ ಬಿಡಸಬೇಕು. ಕಲತದ್ದನ್ನ ಬಿಡಸೂದು ಕಲಸೂದಕ್ಕಿಂತ ಕಠಿಣ. ಆಕಿಗೆ ಉಣ್ಣಿ ಮ್ಯಾಲ ಮನಸ್ಸಿದ್ರ ಅದನ್ನ ಬ್ಯಾರೆ ಕದರಿನ ಮ್ಯಾಲ, ಬ್ಯಾರೆ ಹೊತ್ತಿನ್ಯಾಗ ಮಾಡಲಿ.

ಕೋಥ್ರುಡ್ ಕನ್ನಡತಿ, ಪುಣೆ

ಅಕ್ಕಾ, ಎಲ್ಲರಿಗೂ ಧನ್ಯವಾದ. ಧಾರವಾಡದಿಂದ ಬಂದ ಸಹೋದ್ಯೋಗಿ ಕಾಳು ಸಮೇತ ಹತ್ತಿ ತಂದುಕೊಟ್ಟರು. ಹಲಗೆ ಮೇಲೆ ಕಡ್ಡಿ ಉರುಳಿಸಿದಾಗ ಕಾಳು ಹಾರುವುದು ನೋಡಿ ಮಗಳು ಕೆಲಸವನ್ನೇ ಕಿತ್ತುಕೊಂಡಳು. ಹಂಜಿ ಅಷ್ಟು ಸಪೂರ ಬಂದಿಲ್ಲ, ಆದರೂ ತಕಲಿಯನ್ನು ಬಟ್ಟಲಲ್ಲಿ ನಿಲ್ಲಿಸಿ ಎಳೆದರೆ ನೂಲು ತೋಳುದ್ದ ಬರುತ್ತಿದೆ. ದಪ್ಪ ಜಾಗ ಹಿಗ್ಗುವುದನ್ನು ಕಣ್ಣಾರೆ ಕಂಡೆ! ಬೆಳಗಿನ ಹೊತ್ತಿಗೂ ಮಧ್ಯಾಹ್ನಕ್ಕೂ ವ್ಯತ್ಯಾಸ ಇರುವುದೂ ನಿಜ.

ಈಗ ಎರಡು ಪ್ರಶ್ನೆ. ಪುಣೆಯಲ್ಲೇ ಇರುವವಳು, ಯರವಡಾ ಚರಕವನ್ನೇ ಕೊಳ್ಳಬೇಕು ಅನ್ನಿಸುತ್ತಿದೆ. ಹಳೆಯದೊಂದು ಮಾರಾಟಕ್ಕಿದೆ, ಏನು ನೋಡಿ ಕೊಳ್ಳಲಿ? ಮತ್ತೆ ಈ ನೂಲಿನಿಂದ ಬರುವ ಗೌರಿ ಹಬ್ಬಕ್ಕೆ 16 ಗಂಟಿನ ಗೌರಿ ದಾರ ಮಾಡಬೇಕು ಅಂತಿದ್ದೇನೆ. ಅರಿಶಿನ ಹಚ್ಚಿದರೆ ನೂಲಿಗೆ ಹಿಡಿಯುತ್ತಿಲ್ಲ, ನೀರು ಮುತ್ತಿನ ಥರ ಮೇಲೇ ನಿಲ್ಲುತ್ತೆ.

ಗರಗದಾಕಿ, ಡೊಂಬಿವಲಿ

ಛೊಲೋ ಆತು ತಂಗಿ, ಓದಿ ಭಾಳ ಖುಷಿ ಆತು.

ಚರಕಾ ತಗೊಳ್ಳಾಕ ಈಗ ಅಡ್ಡಿ ಇಲ್ಲ. 1929ರಾಗ ಗಾಂಧೀಜಿ ಚರಕಾ ಸಂಘದವರು ಒಳ್ಳೆ ಚರಕಾ ಮಾಡಿದವರಿಗೆ 1 ಲಕ್ಷ ರೂಪಾಯಿ ಬಹುಮಾನ ಅಂತ ಸಾರಿದ್ರು. ಆ ಕಾಲದಾಗ ಅದೆಷ್ಟು ದುಡ್ಡು, ನೋಡು! ಪೆಟಿಗಿ ಚರಕಾ ರೂಪ ತಗೊಂಡದ್ದು ಅದರ ಆಸುಪಾಸಿನ್ಯಾಗ, ಗಾಂಧೀಜಿ ನಿಮ್ಮೂರ ಯರವಡಾ ಜೇಲಿನ್ಯಾಗ ಇದ್ದಾಗ. ಅದಕ್ಕ ಆ ಹೆಸರು. ದೊಡ್ಡ ಗಾಲಿ ಸಣ್ಣ ಗಾಲಿನ ಓಡಸತೈತಿ, ಸಣ್ಣ ಗಾಲಿ ಕದರನ್ನ. ಹಿಂಗಾಗಿ ಅಷ್ಟು ಸಣ್ಣ ಪೆಟಿಗಿಯಾಗ ಅಷ್ಟು ಜೋರು ಬರತೈತಿ.

ಹಳೇದು ತಗೊಳ್ಳೂವಾಗ ಮದ್ಲ ಕದರು ನೋಡು. ಅದನ್ನ ಕೂಡಿಸಿ ನಿಧಾನಕ ತಿರುವಿ ತುದಿ ಮ್ಯಾಲ ಕಣ್ಣಿಡು. ತುದಿ ಒಂದ ಕಡೆ ನಿಂತು ತಿರಗಬೇಕು. ಅತ್ತಾಗ ಇತ್ತಾಗ ನಡಗಿದ್ರ ಕದರು ಬಾಗೇತಿ, ಬ್ಯಾರೆ ಕದರು ಕೊಡತಾರೇನು ಕೇಳು. ಎರಡೂ ಗಾಲಿ ಒಂದ ಮಟ್ಟಕ್ಕ ಇರಬೇಕು, ಇಲ್ಲಾಂದ್ರ ಗಾಲಿ ಓಡಸೂ ಮಾಲಿ ದಾರ ಜಿಗದು ಬೀಳತೈತಿ. ದಾರ ಹಳೇದಿದ್ರ ಚಿಂತಿ ಇಲ್ಲ, ನೀನ ಹತ್ತಿ ದಾರ ಹೊಸದು ಹಾಕಬಹುದು. ಜಾರಿದ್ರ ಚೂರು ರಾಳ ತಿಕ್ಕು. ಹೊಲಿಗಿ ಮಶೀನಿನ ಎಣ್ಣಿ ಒಂದು ಹನಿ ಕದರಿನ ಆಧಾರಕ್ಕ. ಮಳಿಗಾಲದಾಗ ಕದರು ತಗದು ಒರಸಿ ಇಡು, ತುಕ್ಕು ಹತ್ತಿದ ತುದಿಯಿಂದ ನೂಲು ಸರಾಗ ಕಳಚೂದಿಲ್ಲ.

ಅರಿಶಿಣ ಹಿಡೀಲಿಲ್ಲ ಅಂದ್ರ ಮೇಣ ಹಂಗ ಐತಿ ಅಂತ ತಿಳಿ. ನೂಲೂ ತನಕ ಬೇಕಾಗಿದ್ದ ಮೇಣ ಈಗ ಹೋಗಬೇಕು. ನೂಲನ್ನ ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡು, ನಾಕು ಕಡೆ ಸಡಲಾಗಿ ದಾರ ಕಟ್ಟು, ಇಲ್ಲಾಂದ್ರ ಗೋಜಲಾಗಿ ಕುಂಡ್ರತೈತಿ. ಬೋಗಾಣಿಯಾಗ ನೀರು, ಒಂದು ಚಮಚಾ ಬಟ್ಟಿ ಸೋಡಾ, ಚೂರು ಸಾಬಾಣ ಹಾಕಿ ಸಣ್ಣ ಉರಿಯಾಗ ಮುಕ್ಕಾಲು ತಾಸು ಕುದಿಸು. ಅಡಗಿ ಬೋಗಾಣಿ ಬ್ಯಾಡ, ಬ್ಯಾರೇದು ಇಡು. ಬೆಳ್ಳಗ ಕಾಣೂ ನೂಲಿನಿಂದ ನೀರು ಚಾ ಬಣ್ಣಕ್ಕ ತಿರಗತೈತಿ, ಹೆದರಬ್ಯಾಡ. ಎರಡು ಮೂರು ನೀರಾಗ ಜಾಲಿಸಿ, ಎರಡೂ ಕೈಯಾಗ ಹಿಡದು ಝಾಡಿಸಿ, ಮತ್ತ ಹಿಡದು ಝಾಡಿಸಿ ನೆರಳಾಗ ಹಾಕು. ಹುರಿನೂ ಅಲ್ಲೆ ಕುಂಡ್ರತೈತಿ, ಆಮ್ಯಾಲ ನೂಲು ಹೆಣಕೊಳ್ಳೂದಿಲ್ಲ. ಅರಿಶಿಣ ನೀರಾಗ ಅದ್ದು, ಹತ್ತಿಗೆ ಬ್ಯಾರೆ ಏನೂ ಹಾಕದ ಹಿಡೀತೈತಿ.

ದಾರ ಗಟ್ಟಿ ಆಗಬೇಕಂದ್ರ ಕುದಿಸೂಕಿಂತ ಮದ್ಲ ಎಳಿ ಕೂಡಿಸಿ ಹೊಸೆದುಕೊ. ನೂಲೂವಾಗ ತಕಲಿ ಬಲಕ್ಕ ತಿರವಿದ್ರ ಹೊಸೆಯೂವಾಗ ಎಡಕ್ಕ ತಿರುವು. ಎರಡೂ ಒಂದ ದಿಕ್ಕಿಗೆ ಆದ್ರ ಗಂಟು ಹಾಕೂವಾಗ ದಾರ ಮುರಕೊಂಡು ನಿಂದ್ರತೈತಿ.